ಕೊನೆಯ ಮಡಿಕೆ ಮಗುವಿಗೆ

ಪ್ರಶ್ನೆ: ನನ್ನ ಮೊಮ್ಮಗಳಿಗೆ ಈಗ ನಾಲ್ಕು ವರ್ಷ ಎರಡು ತಿಂಗಳು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ. ಶಿಶುವಿಹಾರ ಮಧ್ಯಾಹ್ನಕ್ಕೇ ಬಿಡುವುದರಿಂದ ಸಂಜೆಯವರೆಗೆ ಅವಳು ನನ್ನ ಜೊತೆ ಇರುತ್ತಾಳೆ. ಮೊಬೈಲ್ ಕೊಡಬಾರದೆಂದು ಬಣ್ಣದ ಕಾಗದ, ಅಂಟು, ಕತ್ತರಿ ತಂದಿಟ್ಟಿದ್ದಾರೆ. ಕೂತು ಏನಾದರೂ ಮಾಡೋಣವೆಂದರೆ ಹತ್ತು ನಿಮಿಷಕ್ಕೆ ಎದ್ದು ಓಡುತ್ತಾಳೆ. ಉಳಿದದ್ದನ್ನು ನಾನೇ ಮಾಡಿ ಮುಗಿಸುತ್ತೇನೆ. ನನಗೂ ಈ ಕ್ರಾಫ್ಟ್ ಎಲ್ಲ ಅಷ್ಟಾಗಿ ಗೊತ್ತಿಲ್ಲ. ಹೀಗೆ ಅರ್ಧಂಬರ್ಧ ಮಾಡುವುದರಿಂದ ಮಗುವಿಗೆ ಏನಾದರೂ ಪ್ರಯೋಜನ ಉಂಟೇ? ಈ ವಯಸ್ಸಿಗೆ ಹೊಂದುವ ಆಟ, ಕೈಕೆಲಸಗಳು ಯಾವುವು?

— ಒಬ್ಬ ಅಜ್ಜಿ, ದಾವಣಗೆರೆ

ಉತ್ತರ: ಪ್ರಯೋಜನ ಉಂಟು, ಬಹಳ ಉಂಟು. ಆದರೆ ಅದು ಅವಳು ನಿಮ್ಮ ಪಕ್ಕ ಕೂತಿದ್ದ ಆ ಹತ್ತು ನಿಮಿಷದಲ್ಲಿದೆ. ಅವಳು ಓಡಿಹೋದ ಮೇಲೆ ನೀವೊಬ್ಬರೇ ಅಂಟು ಹಚ್ಚಿ ಮುಗಿಸುವ ಹೂವಿನಲ್ಲಿ ಇಲ್ಲ. ಆದ್ದರಿಂದ ಮೊದಲು ಮಾಡಬೇಕಾದ ಬದಲಾವಣೆ ತುಂಬ ಚಿಕ್ಕದು: ಮುಗಿಸಬೇಡಿ. ಅರ್ಧ ಅಂಟಿಸಿದ ಹೂವನ್ನು ಅವಳ ಕಣ್ಣಿಗೆ ಬೀಳುವ ಕಡೆ, ಕಿಟಕಿಯ ಕಟ್ಟೆಯ ಮೇಲೋ ಟಿವಿ ಪಕ್ಕದಲ್ಲೋ ಹಾಗೇ ಇಟ್ಟುಬಿಡಿ. ಸಂಜೆ ಅವಳೇ ಬಂದು ಇನ್ನೊಂದು ಎಸಳು ಅಂಟಿಸಬಹುದು. ನಾಳೆಯೂ ಆಗಬಹುದು. ಅಂಟಿಸದೆ ಅದನ್ನು ಟೋಪಿ ಮಾಡಿಕೊಂಡು ತಲೆಯ ಮೇಲಿಟ್ಟುಕೊಂಡರೆ ಅದೂ ಒಂದು ಕೆಲಸವೇ. ನಾಲ್ಕು ವರ್ಷದ ಮಗು ಹತ್ತು ನಿಮಿಷ ಒಂದೇ ವಸ್ತುವಿನ ಮೇಲೆ ಮನಸ್ಸಿಟ್ಟರೆ ಅದನ್ನು ಕೊರತೆ ಎಂದು ಎಣಿಸಬೇಕಾಗಿಲ್ಲ.

ಇಲ್ಲಿ ಮಗು ಕಲಿಯುವುದು ಹೂವು ಮಾಡುವುದನ್ನಲ್ಲ. ದೊಡ್ಡವರೊಬ್ಬರ ಪಕ್ಕ ಕೂತು, ತನ್ನ ಕೈಯಿಂದ ಒಂದು ವಸ್ತುವಿನ ರೂಪ ಬದಲಾಗುವುದನ್ನು ನೋಡುವುದನ್ನು ಅದು ಕಲಿಯುತ್ತದೆ. ಹಾಗಾದರೆ ದೊಡ್ಡವರು ಎಷ್ಟು ಮಾಡಬೇಕು, ಎಷ್ಟು ಬಿಡಬೇಕು? ನಿಮ್ಮ ಪ್ರಶ್ನೆಯ ತಿರುಳು ಇದೇ ಎಂದು ನನಗೆ ಅನ್ನಿಸುತ್ತದೆ.

ಸಾರುವೆಯ ಲೆಕ್ಕ

1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್ ಮತ್ತು ಗೇಲ್ ರಾಸ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಮೂರು, ನಾಲ್ಕು, ಐದು ವರ್ಷದ ಮೂವತ್ತು ಮಕ್ಕಳಿಗೆ 21 ಮರದ ತುಂಡುಗಳನ್ನು ಕೊಟ್ಟು, ಅವುಗಳನ್ನು ಒಂದಕ್ಕೊಂದು ಕೂಡಿಸಿ ಪಿರಮಿಡ್ ಕಟ್ಟಲು ಬಿಟ್ಟರು. ಪಕ್ಕದಲ್ಲಿ ಸಹಾಯಕ್ಕೆ ಒಬ್ಬ ದೊಡ್ಡವರು. ಮೂರು ವರ್ಷದ ಮಕ್ಕಳಿಗೆ ಬಾಯಿಮಾತು ಅಷ್ಟಾಗಿ ತಟ್ಟಲಿಲ್ಲ. ಅವರ ಮುಂದೆ ಎರಡು ತುಂಡು ಕೂಡಿಸಿ ತೋರಿಸಿ, ಆಸೆ ಹುಟ್ಟಿಸಿ, ಆಟದೊಳಗೆ ಎಳೆದು ತರಬೇಕಾಯಿತು. ನಾಲ್ಕು ವರ್ಷದವರಿಗೆ ಮಾತು ನೆರವಾಯಿತು: ‘ಇದು ಸರಿಯಾಗಿ ಕೂತಿದೆಯೇ, ಇನ್ನೊಮ್ಮೆ ನೋಡು’ ಎಂಬಂಥ ಮಾತು. ಐದು ವರ್ಷದವರು ತಾವೇ ಕಟ್ಟುತ್ತಿದ್ದರು, ಸರಿಯಾಯಿತೇ ಎಂದು ಕೇಳಿಕೊಳ್ಳಲಷ್ಟೇ ದೊಡ್ಡವರು ಬೇಕಿತ್ತು.

ಈ ನೆರವಿಗೆ ಅವರು ಕೊಟ್ಟ ಹೆಸರು ಕಟ್ಟಡದ ಕೆಲಸದಿಂದ ಬಂದದ್ದು. ಕನ್ನಡದಲ್ಲಿ ಅದು ಸಾರುವೆ. ಗೋಡೆ ಏಳುವಾಗ ಪಕ್ಕದಲ್ಲಿ ಬಿದಿರಿನ ಸಾರುವೆ ಕಟ್ಟುತ್ತಾರೆ. ಗೋಡೆ ಗಟ್ಟಿಯಾದಂತೆ ಅದನ್ನು ಬಿಚ್ಚುತ್ತಾರೆ. ಸಾರುವೆ ಎಂದೂ ಗೋಡೆಯಾಗುವುದಿಲ್ಲ. ನಿಮ್ಮ ಮೊಮ್ಮಗಳ ವಯಸ್ಸಿಗೆ ನೀವು ಮಾತಿನ ಸಾರುವೆ. ಅವಳ ಕೈಯಿಂದ ಕತ್ತರಿ ತೆಗೆದುಕೊಂಡು ನೀವೇ ಕತ್ತರಿಸಿದರೆ ಸಾರುವೆಯೇ ಗೋಡೆಯಾದಂತೆ. ‘ಕಾಗದವನ್ನು ಈ ಕಡೆ ತಿರುಗಿಸಿ ನೋಡು’ ಎಂದು ಹೇಳಿ ಕಾದರೆ ಗೋಡೆ ಅವಳದೇ.

ಕಾಯುವುದು ಕಷ್ಟ. ನಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ. ಅದಕ್ಕೆ ಒಂದು ಉಪಾಯವಿದೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಕೈಕೆಲಸ ಕಲಿಸುವವರು ಇದನ್ನು ಬಹಳ ಕಾಲದಿಂದ ಬಳಸುತ್ತಾರೆ: ಕೊನೆಯ ಹೆಜ್ಜೆಯನ್ನು ಮೊದಲು ಕಲಿಸುವುದು. ಕಾಗದದ ದೋಣಿಯನ್ನೇ ತೆಗೆದುಕೊಳ್ಳಿ. ಅದರ ಮಡಿಕೆಗಳೆಲ್ಲ ನಾಲ್ಕು ವರ್ಷಕ್ಕೆ ಸಿಗುವುದಿಲ್ಲ. ನೀವು ಅವಳ ಎದುರಿಗೇ ಒಂದೊಂದಾಗಿ ಮಡಿಸುತ್ತ ಹೋಗಿ. ಎರಡು ಕಿವಿ ಹಿಡಿದು ಎಳೆದರೆ ಚೌಕವಾಗಿದ್ದದ್ದು ಥಟ್ಟನೆ ದೋಣಿಯಾಗುವ ಆ ಕೊನೆಯ ಗಳಿಗೆಯಲ್ಲಿ ಕಾಗದವನ್ನು ಅವಳ ಕೈಗೆ ಕೊಡಿ. ಎಳೆದದ್ದು ಅವಳು, ಆದ್ದರಿಂದ ದೋಣಿ ಮಾಡಿದ್ದೂ ಅವಳೇ. ಮುಂದಿನ ವಾರ ಕೊನೆಯ ಎರಡು ಹೆಜ್ಜೆ ಬಿಟ್ಟುಕೊಡಿ, ಆಮೇಲೆ ಮೂರು. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಮಗು ಪ್ರತಿ ಸಲವೂ ಗೆದ್ದೇ ಏಳುತ್ತದೆ. ಮೊದಲ ಮಡಿಕೆ ಅವಳಿಗೆ ಕೊಟ್ಟು ಮಿಕ್ಕದ್ದನ್ನು ನೀವು ಮಾಡಿದಾಗ ಅವಳು ಯಾಕೆ ಎದ್ದು ಓಡುತ್ತಾಳೆಂಬುದಕ್ಕೆ ಉತ್ತರವೂ ಇಲ್ಲೇ ಇದೆ.

ಕೈಗೆ ಎಷ್ಟು ಸಾಧ್ಯ?

ಮಗುವಿನ ಕೈ ನಮ್ಮ ಕೈಯ ಚಿಕ್ಕ ಪಡಿಯಚ್ಚು ಅಲ್ಲ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಎಲುಬುಗಳಿವೆ. ಹುಟ್ಟಿದಾಗ ಅವೆಲ್ಲವೂ ಮೆತ್ತಗಿನ ಮೃದ್ವಸ್ಥಿ. ಆಮೇಲೆ ಒಂದೊಂದಾಗಿ, ವರ್ಷಗಳ ಅಂತರದಲ್ಲಿ, ಗಟ್ಟಿಯಾಗುತ್ತ ಬರುತ್ತವೆ. ಕೊನೆಯದರ ಸರದಿ ಬರುವಷ್ಟರಲ್ಲಿ ಮಗು ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿರುತ್ತದೆ. ಆದ್ದರಿಂದ ಗೆರೆ ತಪ್ಪಿತು, ಬಣ್ಣ ಆಚೆ ಹೋಯಿತು ಎಂದು ತಿದ್ದುವ ವಯಸ್ಸು ಇದಲ್ಲ.

ಸ್ಥೂಲವಾಗಿ ಹೇಳುವುದಾದರೆ ಮೂರು ವರ್ಷಕ್ಕೆ ಮಗು ನೋಡಿಕೊಂಡು ವೃತ್ತ ಬರೆಯುತ್ತದೆ, ಕತ್ತರಿಯಿಂದ ಕಾಗದದ ಅಂಚನ್ನು ಕಚ್‌ಕಚ್ ಎಂದು ಸೀಳುತ್ತದೆ. ನಾಲ್ಕರ ಹೊತ್ತಿಗೆ ಕೂಡಿಸುವ ಗುರುತು ಬರುತ್ತದೆ, ನೇರ ಗೆರೆಯ ಮೇಲೆ ಕತ್ತರಿಸುವುದು ಸಾಧ್ಯವಾಗುತ್ತದೆ. ಚೌಕ ಅದರ ಹಿಂದೆಯೇ. ತ್ರಿಕೋನ ಐದರ ಆಸುಪಾಸಿನಲ್ಲಿ. ಒಂದು ಮಗು ಮೊದಲು, ಇನ್ನೊಂದು ನಂತರ. ಈ ಪಟ್ಟಿಯಿಂದ ನಿಮಗಾಗುವ ಉಪಕಾರ ಒಂದೇ: ಅಂಗಡಿಯ ಪೊಟ್ಟಣದ ಮೇಲೆ ಅಚ್ಚಾದ ಅಂದವಾದ ಚಿಟ್ಟೆಯಂಥದ್ದು ಇವಳಿಗೆ ಬರಲಿಲ್ಲವೆಂದು ಕೊರಗಬೇಕಾಗಿಲ್ಲ. ಶಿಶುವಿಹಾರದಿಂದ ಬರುವ ‘ಪ್ರಾಜೆಕ್ಟ್’ ಕೆಲಸವನ್ನು ರಾತ್ರಿ ಕೂತು ದೊಡ್ಡವರೇ ಮಾಡುವ ಮನೆಗಳು ಎಷ್ಟೋ ಇವೆ. ಅಲ್ಲಿ ಮಗು ಕಲಿಯುವ ಪಾಠ ಒಂದೇ: ಚೆಂದದ ಕೆಲಸ ತನ್ನ ಕೈಯಿಂದ ಆಗುವುದಲ್ಲ. ಸೊಟ್ಟಗಿರುವ ಅವಳ ಕೆಲಸವನ್ನೇ ಕಳುಹಿಸಿ. ಶಿಕ್ಷಕಿಗೂ ಅದರಿಂದಲೇ ಅವಳ ಬೆಳವಣಿಗೆ ತಿಳಿಯುವುದು.

ಎಡಗೈ ಮುಂದೆ ಬಂದರೆ ಬಲಗೈಗೆ ಬದಲಿಸಲು ಹೋಗಬೇಡಿ. ಕೈಯ ಆಯ್ಕೆ ಮಿದುಳಿನದು.

ನಿಮಗೆ ಗೊತ್ತಿಲ್ಲವೆಂದು ಯಾರು ಹೇಳಿದರು?

ಕ್ರಾಫ್ಟ್ ಗೊತ್ತಿಲ್ಲ ಎಂದಿದ್ದೀರಿ. ಹಿಟ್ಟು ನಾದುವುದು, ಮಿದಿಯುವುದು, ಉಂಡೆ ಕಟ್ಟುವುದು, ಲಟ್ಟಿಸುವುದು, ತಟ್ಟುವುದು, ಬತ್ತಿ ಹೊಸೆಯುವುದು, ಹೂ ಪೋಣಿಸುವುದು, ಮಾಲೆ ಕಟ್ಟುವುದು, ಜಡೆ ಹೆಣೆಯುವುದು, ಅವರೆಕಾಳು ಹಿಚುಕುವುದು, ಮೊರದಲ್ಲಿ ಕೇರುವುದು — ಇವುಗಳಲ್ಲಿ ನಿಮಗೆ ಬಾರದ್ದು ಯಾವುದು? ಒಂದೊಂದು ಕ್ರಿಯಾಪದವೂ ಒಂದೊಂದು ಬಗೆಯ ಬೆರಳಾಟ. ಅವುಗಳನ್ನು ಮಾಡುತ್ತ, ಹೆಸರಿಡುತ್ತ ಹೋದರೆ ಅವಳಿಗೆ ಕೈಯೂ ಬರುತ್ತದೆ, ಮಾತೂ ಬರುತ್ತದೆ. ‘ಹಿಚುಕು’ ಎಂಬುದರ ಅರ್ಥವನ್ನು ನಿನ್ನೆ ನೆನೆಹಾಕಿದ ಅವರೆಕಾಳು ಅವಳ ಬೆರಳಿಗೆ ಹೇಳಿಕೊಡುತ್ತದೆ, ಅದಕ್ಕೆ ಪುಸ್ತಕ ಬೇಕಿಲ್ಲ. ಮಗನ ಮನೆಗೆಂದು ನ್ಯೂಜೆರ್ಸಿಗೋ ಸಿಂಗಪುರಕ್ಕೋ ಹೋಗಿ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಅಜ್ಜಿ ತಾತಂದಿರಿಗೆ ನಾನು ಇದನ್ನೇ ಹೇಳುತ್ತೇನೆ: ಮಗುವಿಗೆ ಕನ್ನಡ ಕಲಿಸಲು ಪಾಠ ಮಾಡಬೇಡಿ, ಜೊತೆಗೆ ಚಪಾತಿ ಮಾಡಿ.

ಕಿಂಡರ್‌ಗಾರ್ಟನ್ ಎಂಬ ಪದವನ್ನು 1840ರಲ್ಲಿ ಕೊಟ್ಟ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್ ಮಕ್ಕಳ ಕೆಲಸವೆಂದು ಆರಿಸಿಕೊಂಡದ್ದೂ ಇಂಥವನ್ನೇ: ಕಾಗದ ಮಡಿಸುವುದು, ಹೆಣೆಯುವುದು, ಕಡ್ಡಿ ಜೋಡಿಸುವುದು, ಮಣ್ಣಿನಲ್ಲಿ ರೂಪ ಮಾಡುವುದು. ಅಷ್ಟೇ ಅಲ್ಲ, ತಾಯಂದಿರು ಮಡಿಲ ಮಗುವಿನೊಡನೆ ಆಡುವ ಹಾಡು, ಬೆರಳಾಟಗಳಿಗೆಂದೇ ಅವರು 1844ರಲ್ಲಿ ಒಂದು ಪುಸ್ತಕ ತಂದರು. ಶಾಲೆಗಿಂತ ಮೊದಲು ಮನೆಯ ಮಡಿಲು ಎಂಬ ಅರಿವು ಆ ಕಾಲದ್ದೇ. ಇದು ಹೆಂಗಸರ ಕೆಲಸವೆಂದು ಮನೆಯ ಗಂಡಸರು ದೂರ ನಿಲ್ಲಬೇಕಾಗಿಯೂ ಇಲ್ಲ. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದ ಗಿಜುಭಾಯಿ ಬಧೇಕಾ ಅವರನ್ನು ಗುಜರಾತಿನ ಜನ ಮೀಸೆಯುಳ್ಳ ತಾಯಿ ಎಂದು ಕರೆದರು. ನಿಮ್ಮ ಮನೆಯಲ್ಲಿ ತಾತ ಇದ್ದರೆ ಅವರನ್ನೂ ಚಾಪೆಗೆ ಕರೆಯಿರಿ.

ಈಗ ಕೆಲವು ಆಟಗಳು

ಹಿಟ್ಟು: ಚಪಾತಿ ಕಲಸುವಾಗ ಒಂದು ಉಂಡೆ ಅವಳಿಗೆ. ಇಷ್ಟೇ ಸಾಕು. ಹೆಚ್ಚು ದಿನ ಇಟ್ಟುಕೊಂಡು ಆಡಲು ಬೇಕೆಂದರೆ ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಸುಮಾರು ಮುಕ್ಕಾಲು ಲೋಟ ನೀರು ಹಾಕಿ ನಾದಿ. ಮುಚ್ಚಳದ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನ ಬರುತ್ತದೆ. ಉಪ್ಪು ಹೆಚ್ಚಿರುವುದರಿಂದ ತಿನ್ನಲು ಬಿಡಬಾರದು. ಇದರಲ್ಲಿ ಬೊಂಬೆಯೇ ಆಗಬೇಕೆಂದಿಲ್ಲ. ಚಮಚದಿಂದ ಒತ್ತುವುದು, ಬಾಚಣಿಗೆಯಿಂದ ಗೀರುವುದು, ಚಕ್ಕುಲಿ ಒರಳಿನಿಂದ ಒತ್ತಿ ಎಳೆ ತೆಗೆಯುವುದು, ಎಲ್ಲವೂ ಬೆರಳಿಗೆ ಬಲ.

ಮಣ್ಣು: ನಿಮ್ಮ ಸೀಮೆಯಲ್ಲಿ ಕಾರಹುಣ್ಣಿಮೆ ಕಳೆದ ಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂಗಡಿಯಿಂದ ಜೋಡಿ ಎತ್ತು ತರುವ ಜೊತೆಗೆ ಒಂದು ಹಿಡಿ ಎರೆಮಣ್ಣನ್ನೂ ತನ್ನಿ. ಕಲ್ಲು ಆರಿಸಿ ಮಣ್ಣು ಹದ ಮಾಡುವುದರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತದೆ. ಎತ್ತಿನ ಮೈ ನೀವು ಮಾಡಿ, ಕೋಡು ಅವಳು ಅಂಟಿಸಲಿ, ಕಣ್ಣಿಗೆ ಜೋಳದ ಕಾಳು ಅವಳು ಒತ್ತಲಿ. ಅವಳ ಎತ್ತಿಗೆ ಮೂರೇ ಕಾಲಿದ್ದರೂ ಪೂಜೆಯ ಮಣೆಯ ಮೇಲೆ ಅದಕ್ಕೂ ಜಾಗ ಕೊಡಿ. ಹಬ್ಬ ತನ್ನದೂ ಹೌದೆಂದು ಮಗುವಿಗೆ ತಿಳಿಯುವುದು ಹಾಗೆ. ದಸರೆಗೆ ಗೊಂಬೆ ಕೂರಿಸುವ ಮನೆಯಾದರೆ ತಟ್ಟೆಯ ಮಣ್ಣಿಗೆ ರಾಗಿ ಚೆಲ್ಲಿ ನೀರು ಚಿಮುಕಿಸುವ ಕೆಲಸ ಅವಳಿಗಿರಲಿ. ಕೆಲವೇ ದಿನಗಳಲ್ಲಿ ಗೊಂಬೆಗಳ ಮುಂದೆ ಹಸಿರು ಗದ್ದೆ ಏಳುತ್ತದೆ.

ಅರಿಶಿನದ ಕಾಗದ: ಅರ್ಧ ಚಮಚ ಅರಿಶಿನವನ್ನು ಸ್ವಲ್ಪ ನೀರಿನಲ್ಲಿ ಕಲಸಿ ಬಿಳಿ ಹಾಳೆಗೆ ಬಳಿದು ಒಣಗಿಸಿ. ಒಂದು ಬಟ್ಟಲಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ನಿಂಬೆರಸ. ಹತ್ತಿ ಸುತ್ತಿದ ಕಡ್ಡಿಯನ್ನು ಸೋಪಿನ ನೀರಿನಲ್ಲಿ ಅದ್ದಿ ಹಳದಿ ಹಾಳೆಯ ಮೇಲೆ ಎಳೆದರೆ ಕೆಂಪು ಗೆರೆ ಮೂಡುತ್ತದೆ. ನಿಂಬೆರಸ ಸವರಿದರೆ ಮತ್ತೆ ಹಳದಿ. ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಸೇರಿ ನೀರು ಕೆಂಪಾಗುವುದೂ ಇದೇ ಕಾರಣಕ್ಕೆ: ಅರಿಶಿನದ ಬಣ್ಣ ಕ್ಷಾರದಲ್ಲಿ ಕೆಂಪು, ಆಮ್ಲದಲ್ಲಿ ಹಳದಿ. ಆದರೆ ಸುಣ್ಣ ಚರ್ಮ, ಕಣ್ಣನ್ನು ಸುಡುವುದರಿಂದ ಮಗುವಿನ ಆಟಕ್ಕೆ ಸೋಪೇ ಸಾಕು. ವಿವರಣೆ ಈಗಲೇ ಬೇಕಿಲ್ಲ. ಮುಂದಿನದು ಏನಾಗಬಹುದೆಂದು ಅವಳು ಊಹಿಸಲಿ.

ತೆಂಗಿನ ಗರಿ: ಗರಿಯ ನಡುವಿನ ಕಡ್ಡಿ ಚುಚ್ಚುತ್ತದೆ, ಅದನ್ನು ನೀವು ತೆಗೆಯಿರಿ. ಎಲೆಯನ್ನು ಓರೆಯಾಗಿ ಸುತ್ತುತ್ತ ಹೋದರೆ ಪೀಪಿ, ಅಡ್ಡಡ್ಡ ಹೆಣೆದು ಮಣಿಕಟ್ಟಿಗೆ ಕಟ್ಟಿದರೆ ಗಡಿಯಾರ. ಶುರುವಿನ ಸುತ್ತು ನಿಮ್ಮದು, ಉಳಿದ ಸುತ್ತು ಅವಳದು, ಊದುವುದಂತೂ ಅವಳದೇ. ಹೆಣೆಯುವಾಗ ಒಂದು ತುದಿ ಹಿಡಿದುಕೊಳ್ಳಲು ಅವಳನ್ನು ಕೇಳಿ. ‘ಬಿಡಬೇಡ, ನೀನು ಬಿಟ್ಟರೆ ಬಿಚ್ಚಿಹೋಗುತ್ತದೆ’ ಎಂದು ಹೇಳಿದಾಗ ಅವಳ ಮುಖದಲ್ಲಿ ಬರುವ ಗಂಭೀರತೆಯನ್ನು ನೋಡಿ. ತನ್ನ ಕೈ ನಿಜವಾಗಿ ಬೇಕಾಗಿದೆ ಎಂಬ ತಿಳಿವು ಅದು.

ಅಳಗುಳಿ: ಮನೆಯಲ್ಲಿ ಹಳೆಯ ಅಳಗುಳಿ ಮಣೆ ಇದ್ದರೆ ಅಟ್ಟದಿಂದ ಇಳಿಸಿ. ಇಲ್ಲದಿದ್ದರೆ ನೆಲದ ಮೇಲೆ ಸೀಮೆಸುಣ್ಣದಿಂದ ಏಳರಂತೆ ಎರಡು ಸಾಲು ವೃತ್ತ ಬರೆಯಿರಿ. ಗೆಲ್ಲುವ ನಿಯಮಗಳು ಈಗ ಬೇಡ. ಒಂದೊಂದು ಗುಳಿಗೆ ಒಂದೊಂದು ಹುಣಸೆ ಬೀಜ ಹಾಕುತ್ತ ಸುತ್ತು ಬರುವುದೇ ಆಟ. ಬಾಯಲ್ಲಿ ಒಂದು, ಎರಡು, ಮೂರು ಎನ್ನುವುದು ಬೇರೆ, ಒಂದು ಎಂದಾಗ ಒಂದೇ ಬೀಜ ಬೀಳುವುದು ಬೇರೆ. ಎಣಿಕೆ ಎಂಬುದು ನಿಜವಾಗಿ ಶುರುವಾಗುವುದು ಈ ಎರಡನೆಯದರಲ್ಲಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಬೀಜ ಎತ್ತುವ ಇದೇ ಹಿಡಿತ ರಂಗೋಲಿ ಪುಡಿ ಹಿಡಿಯುವುದಕ್ಕೂ, ಮುಂದೆ ಪೆನ್ಸಿಲಿಗೂ ಬೇಕು.

ಅಂಗಡಿ ಆಟ: ದಾವಣಗೆರೆಯವರಿಗೆ ನಾನು ಹೇಳಿಕೊಡಬೇಕೇ? ಹಳೆಯ ಪತ್ರಿಕೆಯನ್ನು ದುಂಡಗೆ ಹರಿದರೆ ಬೆಣ್ಣೆ ದೋಸೆ, ಉದ್ದಕ್ಕೆ ಹರಿದ ಚೂರುಗಳು ನೋಟು, ಬಾಟಲಿ ಮುಚ್ಚಳದಲ್ಲಿ ಚಟ್ನಿ. ನೀವು ಗಿರಾಕಿ, ಅವಳು ಯಜಮಾನತಿ. ‘ನನಗೆ ಖಾಲಿ ದೋಸೆ ಬೇಕಿತ್ತು, ಇದು ಬೆಣ್ಣೆಯದು’ ಎಂದು ತಕರಾರು ಮಾಡಿ, ಅವಳು ಸಮಾಧಾನ ಮಾಡಲಿ. ಈ ಆಟದಲ್ಲಿ ಕತ್ತರಿಗಿಂತ ಕೈಯಿಂದ ಹರಿಯುವುದೇ ಒಳ್ಳೆಯದು. ಎರಡೂ ಕೈ ಬೇರೆಬೇರೆ ದಿಕ್ಕಿಗೆ ಕೆಲಸ ಮಾಡುವ ಅಭ್ಯಾಸ ಅದರಿಂದ ಬರುತ್ತದೆ.

ಎಚ್ಚರದ ಮಾತು

ಬೀಜ, ಮಣಿ, ಗುಂಡಿಗಳ ಆಟ ಮುಗಿಯುವವರೆಗೂ ನೀವು ಪಕ್ಕದಲ್ಲೇ ಇರಬೇಕು. ಮಕ್ಕಳು ಬಾಯಿಗಷ್ಟೇ ಅಲ್ಲ, ಮೂಗಿಗೂ ಕಿವಿಗೂ ಹಾಕಿಕೊಳ್ಳುತ್ತಾರೆ. ಆಟವಾದ ಮೇಲೆ ಎಣಿಸಿ ಡಬ್ಬಿಗೆ ಹಾಕುವುದನ್ನೇ ಕೊನೆಯ ಆಟ ಮಾಡಿ. ಮನೆಯಲ್ಲಿ ಮೂರು ವರ್ಷದೊಳಗಿನ ಕೂಸಿದ್ದರೆ ಇಂಥವನ್ನು ಹೊರಗೆ ತೆಗೆಯಲೇಬೇಡಿ. ಕೆಂಪು ಕಪ್ಪಿನ ಗುಲಗಂಜಿ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ, ಹರಳು ಬೀಜವೂ ಹಾಗೇ. ಇವೆರಡೂ ಮಕ್ಕಳ ಕೈಗೆ ಬರಬಾರದು. ಕಣಗಿಲೆಯ ಹೂವು, ಎಲೆ, ಕಡ್ಡಿ ಎಲ್ಲವೂ ವಿಷಕಾರಿ. ಅಡುಗೆ ಆಟಕ್ಕೆ ಎಲೆ ಕೀಳುವಾಗ ಆ ಗಿಡದ ಹತ್ತಿರ ಹೋಗುವುದು ಬೇಡ. ಕೊಂಡುತರುವ ಆಟಿಕೆಯಾದರೆ ಐಎಸ್‌ಐ ಗುರುತು ನೋಡಿ. 2021ರಿಂದ ಅದು ಕಡ್ಡಾಯ. ಕುಶಲಕರ್ಮಿಗಳ ಕೈಯಿಂದ ಬರುವ ಚನ್ನಪಟ್ಟಣದ ಗೊಂಬೆಗಳಂಥವಕ್ಕೆ ಈ ನಿಯಮದಲ್ಲಿ ವಿನಾಯಿತಿ ಇರುವುದರಿಂದ ಅವುಗಳ ಮೇಲೆ ಆ ಗುರುತು ಇಲ್ಲದಿರಬಹುದು. ಕಳಚಿ ಬರುವ ಚಿಕ್ಕ ಭಾಗ ಇದೆಯೇ ಎಂದು ಎಳೆದು ನೋಡಿಯೇ ಕೊಡಿ.

ಹೊಗಳುವುದು ಹೇಗೆ?

ಇದು ನೀವು ಕೇಳದ ಪ್ರಶ್ನೆ, ಆದರೂ ಹೇಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ಮಾರ್ಕ್ ಲೆಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಅವರು ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾಗಿದೆ. ಚಿತ್ರ ಬರೆಯಲು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನದ ಪತ್ರ ಕೊಡುತ್ತೇವೆಂದು ಮೊದಲೇ ಹೇಳಿ ಬರೆಸಿದರು. ಕೆಲವು ದಿನಗಳ ಮೇಲೆ ನೋಡಿದಾಗ ಆ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರ ಬರೆಯುವುದು ಉಳಿದವರಿಗಿಂತ ಕಡಿಮೆಯಾಗಿತ್ತು. ಬಹುಮಾನಕ್ಕಾಗಿ ಮಾಡಿದ್ದು ಅವರಿಗೆ ಆಟವಾಗಿ ಉಳಿಯಲಿಲ್ಲ. ‘ಇದನ್ನು ಮುಗಿಸಿದರೆ ಚಾಕಲೇಟು, ಮುಗಿಸಿದರೆ ಮೊಬೈಲು’ ಎನ್ನುವಾಗ ನಾವು ಮಾಡುವುದೂ ಇದನ್ನೇ.

ಬದಲಿಗೆ ಕಂಡದ್ದನ್ನು ಹೇಳಿ. ‘ಸೂಪರ್, ಜಾಣೆ’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ‘ಈ ಕಡೆ ಪೂರ್ತಿ ಕೆಂಪು ಹಚ್ಚಿದ್ದೀಯ, ಇಲ್ಲಿ ಒಂದೇ ಒಂದು ಹಸಿರು ಚುಕ್ಕೆ ಇಟ್ಟಿದ್ದೀಯ’ ಎಂದರೆ ಆ ಚುಕ್ಕೆಯ ಕತೆ ಹೊರಗೆ ಬರುತ್ತದೆ. ಆನೆಯಂತೆ ಕಂಡದ್ದನ್ನು ಆನೆಯೇ ಎಂದು ನೀವು ನಿರ್ಧರಿಸಬೇಡಿ. ‘ಇದರ ಬಗ್ಗೆ ಹೇಳು’ ಎಂದರೆ ಸಾಕು. ಅದು ಬಸ್ಸಾಗಿರಬಹುದು, ಅದರೊಳಗೆ ನೀವೇ ಕೂತಿರಬಹುದು.

ಇನ್ನೊಂದು ಮಾತು. ಕೂತು ಮಾಡುವ ಕೆಲಸ ಎಷ್ಟು ಚೆನ್ನಾಗಿದ್ದರೂ ಈ ವಯಸ್ಸಿಗೆ ಓಡಾಟವೇ ಮುಖ್ಯ ಆಹಾರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ ಮೂರು ಗಂಟೆ ಮೈ ಆಡಿಸಬೇಕು, ಅದರಲ್ಲಿ ಒಂದು ಗಂಟೆ ಚುರುಕಾಗಿ. ಪರದೆಯ ಮುಂದೆ ಕೂರುವುದು ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಹತ್ತು ನಿಮಿಷಕ್ಕೆ ಎದ್ದು ಓಡುವ ನಿಮ್ಮ ಮೊಮ್ಮಗಳು ತನಗೆ ಬೇಕಾದದ್ದನ್ನೇ ಮಾಡುತ್ತಿದ್ದಾಳೆ. ಮೊಣಕಾಲು ನೋವಿನ ಅಜ್ಜಿ ಅವಳ ಹಿಂದೆ ಓಡಬೇಕಾಗಿಲ್ಲ. ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆ ಬರೆದು, ಕುರ್ಚಿ ಹಾಕಿಕೊಂಡು ಬಿಲ್ಲೆ ಎಸೆಯಿರಿ. ಕುಂಟುವುದು ಅವಳ ಪಾಲು. ನಿಮಗೆ ಆಯಾಸವಾದ ದಿನ ಏನೂ ಮಾಡಿಸಬೇಡಿ. ಪಕ್ಕದಲ್ಲಿ ಕೂತು ಅವಳು ತಾನೇ ಆಡುವುದನ್ನು ನೋಡಿ. ಆಗಾಗ ತಲೆಯೆತ್ತಿ ಅವಳು ನಿಮ್ಮ ಕಡೆ ನೋಡುತ್ತಾಳೆ, ಆಗ ನಿಮ್ಮ ಕಣ್ಣು ಸಿಕ್ಕರೆ ಸಾಕು.

ನನ್ನ ಅಜ್ಜಿ ಚಪಾತಿ ಮಾಡುವಾಗ ನನಗೊಂದು ಪುಟ್ಟ ಉಂಡೆ ಕೊಡುತ್ತಿದ್ದಳು. ನಾನು ಲಟ್ಟಿಸಿ, ಮುದ್ದೆ ಮಾಡಿ, ಮತ್ತೆ ಲಟ್ಟಿಸಿ, ಅದು ಬೂದು ಬಣ್ಣಕ್ಕೆ ತಿರುಗಿ, ಯಾವ ಆಕಾರಕ್ಕೂ ಸೇರದ ಚೂರಾಗುತ್ತಿತ್ತು. ಅವಳು ಅದನ್ನು ತಿದ್ದುತ್ತಿರಲಿಲ್ಲ. ತನ್ನ ದುಂಡನೆಯ ಚಪಾತಿಗಳ ನಡುವೆ ಅದನ್ನೂ ಕಾವಲಿಯ ಮೇಲೆ ಹಾಕಿ, ಎರಡೂ ಕಡೆ ಬೇಯಿಸಿ, ಊಟಕ್ಕೆ ಕೂತಾಗ ಅರ್ಧ ಮುರಿದು ತಾನು ತಿಂದು ಅರ್ಧ ನನ್ನ ತಟ್ಟೆಗೆ ಹಾಕುತ್ತಿದ್ದಳು. ಈ ಉತ್ತರದಲ್ಲಿ ನಾನು ಬರೆದದ್ದರಲ್ಲಿ ಹೆಚ್ಚಿನದನ್ನು ಆಮೇಲೆ ಪುಸ್ತಕಗಳಲ್ಲಿ ಓದಿದೆ. ಅವಳು ಯಾವ ಪುಸ್ತಕವನ್ನೂ ಓದಿರಲಿಲ್ಲ. ನಾಳೆ ಮಧ್ಯಾಹ್ನ ಬಣ್ಣದ ಕಾಗದವನ್ನು ಒಂದು ಬದಿಗಿಟ್ಟು ನೀವು ಹಿಟ್ಟಿನಿಂದಲೇ ಶುರುಮಾಡಿ. ಅವಳು ಮಾಡಿದ್ದನ್ನು ಬೇಯಿಸುವುದನ್ನು ಮಾತ್ರ ಮರೆಯಬೇಡಿ.